ಇದು ಯಾರ ತೀರ್ಮಾನ?

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಶಿಬಿರದಲ್ಲಿ ‘ಒಳ್ಳೆಯ ನಾಯಕಿ ಎಂದರೆ ಯಾರು?’ ಎಂಬ ವಿಷಯದ ಮೇಲೆ ಆಡಿದ ಮಾತುಗಳ ಬರಹರೂಪ)



ಬೆಳಿಗ್ಗೆ ನೀವು ಗುಂಪುಗಳಲ್ಲಿ ಕೂತು ಬರೆದು ಗೋಡೆಗೆ ಅಂಟಿಸಿದ ಹಾಳೆಗಳನ್ನು ಓದಿದೆ. ಒಳ್ಳೆಯ ನಾಯಕಿಗೆ ಧೈರ್ಯ ಬೇಕು, ತಾಳ್ಮೆ ಬೇಕು, ನಾಲ್ಕು ಜನರ ಮುಂದೆ ಮಾತಾಡಲು ಬರಬೇಕು, ಲೆಕ್ಕ ತಿಳಿದಿರಬೇಕು, ಎಲ್ಲರನ್ನೂ ಸಮನಾಗಿ ಕಾಣಬೇಕು ಎಂದು ಬರೆದಿದ್ದೀರಿ. ಒಂದು ಗುಂಪಿನವರು ‘ಗಂಡನ ಒಪ್ಪಿಗೆ ಇರಬೇಕು’ ಎಂದು ಬರೆದು, ಆಮೇಲೆ ಅದರ ಮೇಲೆ ಗೀಟು ಎಳೆದಿದ್ದೀರಿ. ಗೀಟು ಎಳೆದದ್ದು ನನಗೆ ಬಹಳ ಇಷ್ಟವಾಯಿತು. ಆದರೆ ಬರೆದದ್ದೂ ಸುಳ್ಳಲ್ಲ. ಇಲ್ಲಿಗೆ ಎರಡು ದಿನದ ಮಟ್ಟಿಗೆ ಬರಲು ಮನೆಯಲ್ಲಿ ಎಷ್ಟು ಮಾತು ಕೇಳಿ ಬಂದಿದ್ದೀರಿ ಎಂಬುದು ನಿಮಗೇ ಗೊತ್ತು.

ಈ ಗುಣಗಳೆಲ್ಲ ಬೇಕು, ಬೇಡ ಎನ್ನುವುದಿಲ್ಲ. ಆದರೆ ಇವೆಲ್ಲ ಇದ್ದ ನಾಯಕಿಯರು ಕೂಡ ಸಂಘದ ಸಭೆಯಲ್ಲಿ ಒಬ್ಬ ಹೆಣ್ಣುಮಗಳ ಕಷ್ಟ ಬಂದು ಎದುರಿಗೆ ಕೂತಾಗ ತಬ್ಬಿಬ್ಬಾಗುವುದನ್ನು ನಾನು ನೋಡಿದ್ದೇನೆ. ಅವರು ಅಂಜುಬುರುಕರಲ್ಲ. ಯಾವುದನ್ನು ಸಂಘ ತೀರ್ಮಾನಿಸಬೇಕು, ಯಾವುದನ್ನು ಆ ಹೆಣ್ಣುಮಗಳಿಗೇ ಬಿಡಬೇಕು ಎಂಬುದು ಅವರಿಗೆ ಸ್ಪಷ್ಟವಿರಲಿಲ್ಲ. ಬಹಳ ಕಡೆ ಇದು ತಲೆಕೆಳಗಾಗಿರುತ್ತದೆ. ಸಂಘದ ಹಣ ವರದಕ್ಷಿಣೆಗೆ ಹೋಗುವಾಗ ‘ಅದು ಅವರ ಮನೆ ವಿಚಾರ, ನಮಗ್ಯಾಕೆ’ ಎನ್ನುತ್ತೇವೆ. ಅದೇ ಮನೆಯ ಮಗಳು ಹೊಡೆಸಿಕೊಂಡು ಬಂದಾಗ ಮಾತ್ರ ನಾವೇ ಹಿರಿಯರಾಗಿ ಕೂತು ‘ಹೋಗು, ಹೊಂದಿಕೊಂಡು ಬಾಳು’ ಎಂದು ತೀರ್ಪು ಕೊಟ್ಟು ಕಳಿಸುತ್ತೇವೆ. ಇವತ್ತು ನನ್ನ ಮಾತೆಲ್ಲ ಇದರ ಸುತ್ತಲೇ.

ಮೊದಲು ಹಣದ ವಿಚಾರ. ಸಾಲದ ಅರ್ಜಿಯಲ್ಲಿ ‘ವರದಕ್ಷಿಣೆಗಾಗಿ’ ಎಂದು ಯಾರೂ ಬರೆಸುವುದಿಲ್ಲ. ಎಮ್ಮೆ ಖರೀದಿ, ಮನೆ ರಿಪೇರಿ, ಕಿರಾಣಿ ಅಂಗಡಿ ಎಂದು ಬರೆಸುತ್ತಾರೆ. ನಮ್ಮ ಕಡೆಯ ಒಂದು ಸಂಘದಲ್ಲಿ, ಮದುವೆಗಳ ಹಂಗಾಮಿನಲ್ಲಿ, ಒಬ್ಬ ತಾಯಿ ಎಮ್ಮೆಗೆಂದು ಐವತ್ತು ಸಾವಿರ ಸಾಲ ಕೇಳಿದಳು. ಆಕೆಯ ಹಿತ್ತಲಲ್ಲಿ ಗೋದಲಿಯೇ ಇರಲಿಲ್ಲ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡಲಿಲ್ಲ. ಆ ದಿನ ನಾನು ಅಲ್ಲಿ ಕೂತಿದ್ದೆ. ಆ ಸಂಘದ ಪ್ರತಿನಿಧಿ ಕೂಲಿ ಮಾಡುವ ಹೆಣ್ಣುಮಗಳು, ಓದು ಸಹಿ ಮಾಡುವಷ್ಟು ಮಾತ್ರ. ಆಕೆ ಮೆಲ್ಲಗೆ, “ಎಮ್ಮಿ ಎಲ್ಲಿ ಕಟ್ತೀಯವಾ?” ಎಂದು ಕೇಳಿದಳು. ತಾಯಿ ಅತ್ತುಬಿಟ್ಟಳು. “ನಿಮ್ಮ ಮುಂದ ಸುಳ್ಳ ಯಾಕ ಹೇಳ್ಲಿ ಅಕ್ಕಾ. ಹುಡುಗನ ಕಡೆಯವ್ರು ಎರಡು ತೊಲಿ ಬಂಗಾರ, ಒಂದು ಗಾಡಿ ಕೇಳ್ಯಾರ. ಕೊಡದಿದ್ರ ಸಂಬಂಧ ಮುರೀತೈತಿ. ನಿಮ್ಮ ಕಡೆ ಸಿಗದಿದ್ರ ಹೊರಗ ಬಡ್ಡೀಲೆ ತರತೀನಿ. ಆಗ ನನ್ನ ನೀವು ಉಳಸ್ತೀರೇನು?”

ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಆ ತಾಯಿ ಕೆಟ್ಟವಳಲ್ಲ. ಮಗಳು ಮನೆಯಲ್ಲೇ ಉಳಿದರೆ ಊರು ಆಡುವ ಮಾತು ಅವಳ ಕಿವಿಯಲ್ಲಿದೆ. ‘ವರದಕ್ಷಿಣೆ ಪಿಡುಗು’ ಎಂದು ಭಾಷಣ ಮಾಡಿ ಆಕೆಯ ಬಾಯಿ ಮುಚ್ಚಿಸಬಹುದಿತ್ತು. ಆ ಪ್ರತಿನಿಧಿ ಹಾಗೆ ಮಾಡಲಿಲ್ಲ. ಸಾಲದ ಮಾತನ್ನು ಪಕ್ಕಕ್ಕಿಟ್ಟು, ಸುತ್ತ ಕೂತವರಿಗೆಲ್ಲ ಒಂದೊಂದಾಗಿ ಕೇಳಿದಳು: ನಿನ್ನ ಮದುವೆಗೆ ನಿಮ್ಮಪ್ಪ ಎಷ್ಟು ಕೊಟ್ಟ? ಎಲ್ಲಿಂದ ತಂದ? ಎಷ್ಟು ವರ್ಷಕ್ಕೆ ತೀರಿತು? ಅದನ್ನು ಕೊಟ್ಟ ಮೇಲೆ ಕೇಳುವುದು ನಿಂತಿತೇ? ಒಬ್ಬಳು ಹೊಲ ಮಾರಿದ್ದನ್ನು ಹೇಳಿದಳು. ಒಬ್ಬಳು ಮದುವೆಯಾದ ಮೇಲೆ ಕುಬಸಕ್ಕೆ ಕೇಳಿದ್ದು, ಪಂಚಮಿಗೆ ತವರಿಗೆ ಬಂದಾಗ ಬರಿಗೈಯಲ್ಲಿ ಬರಬೇಡ ಎಂದದ್ದು, ಮಗು ಹುಟ್ಟಿದಾಗ ಕೇಳಿದ್ದು ಎಲ್ಲ ಹೇಳಿದಳು. ಹನ್ನೆರಡು ವರ್ಷ ಒಂದೇ ಸಂಘದಲ್ಲಿ ಕೂತವರು ಈ ಲೆಕ್ಕವನ್ನು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಉಳಿತಾಯ ಎಷ್ಟು, ಒಳಸಾಲ ಎಷ್ಟು, ಬಡ್ಡಿ ಎಷ್ಟು ಎಂಬುದು ಬಾಯಿಪಾಠ. ಬದುಕಿನ ಅತಿ ದೊಡ್ಡ ಸಾಲ ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ.

ಎರಡು ಸಭೆ ಹಿಡಿಯಿತು. ಕೊನೆಗೆ ನಡಾವಳಿ ಪುಸ್ತಕದಲ್ಲಿ ಠರಾವು ಬರೆದರು. ಬಂಗಾರಕ್ಕೆ, ಗಾಡಿಗೆ ಸಂಘದ ಹಣ ಇಲ್ಲ. ಮದುವೆಯ ಊಟ, ಬಟ್ಟೆಗೆ ಹದಿನೈದು ಸಾವಿರ ಕೊಡುವುದು. ಹುಡುಗನ ಮನೆಯವರ ಜೊತೆ ಮಾತಾಡಲು ನಾಲ್ಕು ಜನ ಆಕೆಯ ಜೊತೆ ಹೋಗುವುದು. ಮದುವೆ ಆಗಬೇಕೋ ಬೇಡವೋ ಎಂದು ಅವರು ತೀರ್ಮಾನಿಸಲಿಲ್ಲ, ಗಮನಿಸಿ. ಅದು ಆ ಮನೆಯದು, ಮುಖ್ಯವಾಗಿ ಆ ಹುಡುಗಿಯದು. ಸಂಘದ ಹಣ ಎಲ್ಲಿಗೆ ಹೋಗಬೇಕು ಎಂಬುದು ಸಂಘದ್ದು, ಅದನ್ನು ತೀರ್ಮಾನಿಸಿದರು.

ಇಲ್ಲಿ ಕಾನೂನೂ ನಿಮ್ಮ ಬೆನ್ನಿಗಿದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ತೆಗೆದುಕೊಳ್ಳುವುದಷ್ಟೇ ಅಲ್ಲ, ಕೊಡುವುದೂ ಅಪರಾಧ. 1986ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ ಐದು ವರ್ಷ ಜೈಲು. ದಂಡ ಕನಿಷ್ಠ 15,000 ರೂಪಾಯಿ ಅಥವಾ ಕೊಟ್ಟ ವರದಕ್ಷಿಣೆಯ ಬೆಲೆ, ಯಾವುದು ಹೆಚ್ಚೋ ಅದು. ಹೀಗಿರುವಾಗ ತಿಳಿದೂ ತಿಳಿದೂ ಸಂಘದ ಹಣ ಅದಕ್ಕೆ ಹೋಗಬಾರದು. ಆದರೆ ಈ ಕಲಮನ್ನು ಹಿಡಿದು, ಕೊಟ್ಟು ಕೆಟ್ಟ ತಾಯಿತಂದೆಯರನ್ನು ‘ನೀವೂ ಜೈಲಿಗೆ ಹೋಗುತ್ತೀರಿ, ಸುಮ್ಮನಿರಿ’ ಎಂದು ಹೆದರಿಸುವವರು ಬಹಳ ಜನ. ಅದಕ್ಕೆ ಬಗ್ಗಬೇಡಿ. ವರದಕ್ಷಿಣೆಯಿಂದ ನೊಂದವರು ಕೊಟ್ಟ ಹೇಳಿಕೆಯ ಮೇಲೆ ಅವರ ವಿರುದ್ಧವೇ ಈ ಕಾಯ್ದೆಯಡಿ ಮೊಕದ್ದಮೆ ಹೂಡಬಾರದು ಎಂದು 7ನೇ ಕಲಮು ಹೇಳುತ್ತದೆ. ಇನ್ನೊಂದು ವಿಷಯ: ಕೊಟ್ಟದ್ದು ಯಾರ ಕೈಗೇ ಹೋಗಿರಲಿ, ಅದು ಆ ಹೆಣ್ಣುಮಗಳ ಸೊತ್ತು. ಅವಳಿಗೆ ಒಪ್ಪಿಸಬೇಕು ಎಂದು 6ನೇ ಕಲಮು ಹೇಳುತ್ತದೆ. ಮದುವೆಯ ಫೋಟೋ, ಅಕ್ಕಸಾಲಿಗರ ಪಾವತಿ, ಗಾಡಿಯ ಕಾಗದಗಳ ನಕಲು ತವರಿನಲ್ಲೇ ಇರಲಿ ಎಂದು ಪ್ರತಿ ತಾಯಿಗೂ ಹೇಳಿ.

ಗಾಡಿ ಎಂದಾಗ ದೆಹಲಿಯ ಸತ್ಯರಾಣಿ ಚಡ್ಡಾ ನೆನಪಾಗುತ್ತಾರೆ. ಅವರ ಮಗಳು ಮದುವೆಯಾಗಿ ವರ್ಷ ತುಂಬುವ ಮೊದಲೇ, ಗರ್ಭಿಣಿಯಾಗಿದ್ದಾಗ, 1979ರಲ್ಲಿ ಸುಟ್ಟು ಸತ್ತಳು. ಅಳಿಯ ಸ್ಕೂಟರು ಕೇಳುತ್ತಿದ್ದ. ಸತ್ಯರಾಣಿ ಯಾವ ಪಕ್ಷದ, ಯಾವ ಸಂಘದ ನಾಯಕಿಯೂ ಆಗಿರಲಿಲ್ಲ, ಮನೆ ನೋಡಿಕೊಂಡಿದ್ದ ತಾಯಿ. ಬೀದಿಗೆ ಬಂದರು, ಕೋರ್ಟಿಗೆ ಅಲೆದರು. ಮಗಳನ್ನು ಹಾಗೆಯೇ ಕಳೆದುಕೊಂಡ ಶಹಜಹಾನ್ ಆಪಾ ಎಂಬ ಇನ್ನೊಬ್ಬ ತಾಯಿಯ ಜೊತೆ ಸೇರಿ 1987ರಲ್ಲಿ ‘ಶಕ್ತಿ ಶಾಲಿನಿ’ ಎಂಬ ಸಂಸ್ಥೆ ಕಟ್ಟಿ, ನೊಂದ ಹೆಣ್ಣುಮಕ್ಕಳಿಗೆ ಆಸರೆ ಕೊಟ್ಟರು. ಅಳಿಯನ ಶಿಕ್ಷೆಯನ್ನು ದೆಹಲಿ ಹೈಕೋರ್ಟು ಎತ್ತಿಹಿಡಿದದ್ದು 2013ರಲ್ಲಿ, ಅಂದರೆ 34 ವರ್ಷದ ಮೇಲೆ. ಮರುವರ್ಷ ಅವರು ತೀರಿಕೊಂಡರು. ಅಂಥ ತಾಯಂದಿರೂ ದೇಶದ ಹಲವು ಮಹಿಳಾ ಸಂಘಟನೆಗಳೂ ಬೀದಿಯಲ್ಲಿ ನಿಂತದ್ದರಿಂದಲೇ 1983ರಲ್ಲಿ 498ಎ ಕಲಮು, 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಕಲಮು ಬಂದವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವು 85, 86 ಮತ್ತು 80ನೇ ಕಲಮುಗಳಾಗಿವೆ. ಕಲಮು ಬದಲಾದರೂ ಸಾವು ನಿಂತಿಲ್ಲ. ಸರ್ಕಾರದ ಅಪರಾಧ ದಾಖಲೆಗಳ ಪ್ರಕಾರವೇ 2022ರಲ್ಲಿ ದೇಶದಲ್ಲಿ ಆರು ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳಾದವು.

ಇನ್ನು ಆ ಐವತ್ತು ಸಾವಿರ ಕೇಳಿದ ತಾಯಿಯ ಕಥೆ. ಸಂಘದವರು ಹೋಗಿ ಮಾತಾಡಿದ್ದು ಫಲಿಸಲಿಲ್ಲ. ಆಕೆ ಹೊರಗಿನಿಂದ ನೂರಕ್ಕೆ ಐದರ ಬಡ್ಡಿಗೆ ಹಣ ತಂದಳು, ಬಂಗಾರ ಕೊಟ್ಟಳು, ಗಾಡಿ ಕೊಟ್ಟಳು. ಮದುವೆಗೆ ಸಂಘದವರನ್ನು ಕರೆಯಲಿಲ್ಲ. ಪ್ರತಿನಿಧಿಯ ಜೊತೆ ಮಾತು ಬಿಟ್ಟಳು. ಊರಲ್ಲಿ ‘ಬಡವರ ಮಗಳ ಮದುವಿಗೆ ಅಡ್ಡ ನಿಂತಾಕಿ’ ಎಂಬ ಹೆಸರು ಪ್ರತಿನಿಧಿಗೆ ಬಂತು. ಹದಿನಾಲ್ಕು ತಿಂಗಳ ಮೇಲೆ ಮಗಳು ತವರಿಗೆ ಬಂದಳು. ಎಡಗೈ ಎತ್ತಲಾಗುತ್ತಿರಲಿಲ್ಲ.

ಸಂಘದ ಸಭೆ ಸೇರುವ ಮೊದಲೇ ಪ್ರತಿನಿಧಿ ಒಬ್ಬೊಬ್ಬರ ಮನೆಗೆ ಹೋಗಿ ಒಂದು ಮಾತು ಹೇಳಿ ಬಂದಳು: “‘ನಾವು ಆಗ್ಲೇ ಹೇಳಿದ್ವಿ’ ಅಂತ ಯಾರೂ ಅನ್ನಬ್ಯಾಡ್ರಿ.” ನಾಯಕತ್ವದ ಬಗ್ಗೆ ನೂರು ತರಬೇತಿಗಳಲ್ಲಿ ಕೂತಿದ್ದೇನೆ. ಇದಕ್ಕಿಂತ ದೊಡ್ಡ ನಾಯಕತ್ವ ನಾನು ನೋಡಿಲ್ಲ.

ಆಮೇಲೆ ಆ ಹುಡುಗಿಯನ್ನು ಆಕೆ ಕೇಳಿದ್ದು ಮೂರೇ ಪ್ರಶ್ನೆ. ಊಟ ಆಯ್ತಾ? ಇವತ್ತು ರಾತ್ರಿ ಎಲ್ಲಿ ಮಲಗ್ತೀ? ನಿನಗ ಏನು ಬೇಕು? ಮೂರನೆಯ ಪ್ರಶ್ನೆ ಕೇಳಿ ಸುಮ್ಮನೆ ಕೂರುವುದು ಬಹಳ ಕಷ್ಟ. ಸುತ್ತ ಹತ್ತು ಜನ ಇರುತ್ತಾರೆ. ಐದು ಜನ ‘ಕೇಸ್ ಹಾಕು’ ಎನ್ನುತ್ತಾರೆ, ಐದು ಜನ ‘ಹೊಂದಿಕೊಂಡು ಹೋಗು’ ಎನ್ನುತ್ತಾರೆ. ಇಬ್ಬರಿಗೂ ಆತುರ. ಆ ಹುಡುಗಿ ‘ನನ್ನ ಬಟ್ಟಿ, ಶಾಲೀ ಸರ್ಟಿಫಿಕೇಟು ಅಲ್ಲೇ ಅದಾವು, ಅವು ಬೇಕು’ ಎಂದಳು. ಅಷ್ಟೇ ಅವತ್ತಿಗೆ. ಮರುದಿನ ಆರು ಜನ ಹೋಗಿ ಅವನ್ನು ತಂದರು, ಜಗಳ ಆಡದೆ. ಬರುವಾಗ ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದರು. ಅಲ್ಲಿ ‘ಬಚ್ಚಲದಾಗ ಬಿದ್ದೆ’ ಎನ್ನಬೇಡ, ಆದದ್ದನ್ನೇ ಹೇಳು, ಡಾಕ್ಟರು ಬರೆದ ಚೀಟಿಯೇ ನಾಳೆ ಸಾಕ್ಷಿ ಎಂದು ಮೊದಲೇ ಹೇಳಿದ್ದರು.

ಈ ತೀರ್ಮಾನ ಆಕೆಯದು ಎನ್ನುವುದು ನನ್ನೊಬ್ಬಳ ಮಾತಲ್ಲ, ಕಾನೂನಿನ ರಚನೆಯೇ ಹಾಗಿದೆ. ಗಂಡ ಮತ್ತು ಅವನ ಕಡೆಯವರ ಕ್ರೌರ್ಯಕ್ಕೆ, ಅಂದರೆ ಹಿಂದಿನ 498ಎಗೆ, ಪೊಲೀಸರು ಪ್ರಕರಣ ದಾಖಲಿಸಬೇಕಾದರೆ ದೂರು ಆಕೆಯೇ ಕೊಡಬೇಕು, ಇಲ್ಲವೇ ಆಕೆಯ ಸಂಬಂಧಿಕರು. ಸಂಘದ ಲೆಟರ್‌ಹೆಡ್ ಮೇಲೆ ನೀವು ಬರೆದುಕೊಟ್ಟರೆ ನಡೆಯುವುದಿಲ್ಲ. ಆದರೆ 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಬೇರೆ ರೀತಿಯದು. ಅದರಲ್ಲಿ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು, ಒಳ್ಳೆಯ ಉದ್ದೇಶದಿಂದ ಕೊಟ್ಟವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ನಿಮ್ಮ ಅಂಗನವಾಡಿಯವರ ಸಿ.ಡಿ.ಪಿ.ಓ.ನೇ, ಸಂರಕ್ಷಣಾಧಿಕಾರಿ. ಅವರು ವರದಿ ತಯಾರಿಸಿ ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಗಂಡನಿಗೆ ಜೈಲು ಬೇಡ, ಹೊಡೆತ ನಿಂತರೆ ಸಾಕು, ಇರಲು ಮನೆ ಬೇಕು, ಮಕ್ಕಳಿಗೆ ಜೀವನಾಂಶ ಬೇಕು ಎನ್ನುವವರೇ ಹೆಚ್ಚು. ಅವರಿಗೆ ಈ ದಾರಿ. ಮನೆ ಯಾರ ಹೆಸರಿನಲ್ಲೇ ಇರಲಿ, ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ಆಕೆಗೆ ಇದೆ. ವಕೀಲರ ಫೀಸಿಗೆ ಹೆದರಬೇಕಿಲ್ಲ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರನ್ನು ಉಚಿತವಾಗಿ ಕೊಡಬೇಕು.

ಇದನ್ನೆಲ್ಲ ಆಕೆಗೆ ತಿಳಿಸುವುದು ನಿಮ್ಮ ಕೆಲಸ. ಆರಿಸುವುದು ಆಕೆಯ ಕೆಲಸ. ಆ ಹುಡುಗಿ ಎರಡು ಸಲ ಗಂಡನ ಮನೆಗೆ ವಾಪಸ್ ಹೋದಳು. ಒಂದು ಸಲ ಠಾಣೆಯಲ್ಲಿ ಮುಚ್ಚಳಿಕೆ ಬರೆಸಿಕೊಂಡು ಕಳಿಸಿದರು. ಮುಚ್ಚಳಿಕೆ ಎಂದರೆ ಗೊತ್ತಲ್ಲ, ಇನ್ನು ಮುಂದೆ ಹೊಡೆಯುವುದಿಲ್ಲ ಎಂದು ಆತ ಸಹಿ ಮಾಡುತ್ತಾನೆ, ಮನೆಗೆ ಹೋಗಿ ಠಾಣೆಗೆ ಹೋದದ್ದಕ್ಕಾಗಿ ಹೊಡೆಯುತ್ತಾನೆ. ‘ಇಕಿ ಸಲುವಾಗಿ ಕೂಲಿ ಬಿಟ್ಟು ಬಂದ್ವಿ, ಇಕಿ ನೋಡಿದ್ರ ಹೋಗಿ ಅವನ ಜೋಡಿನೇ ಕೂತಾಳ’ ಎಂದು ಸಂಘದವರಿಗೆ ಸಿಟ್ಟು. ನ್ಯಾಯವಾದ ಸಿಟ್ಟೇ. ಪ್ರತಿನಿಧಿ ಸಿಟ್ಟನ್ನು ಅಲ್ಲಗಳೆಯಲಿಲ್ಲ. ಮೂರನೆಯ ಸಲ ಬಂದರೂ ಬಾಗಿಲು ತೆರೆದಿರಬೇಕು ಎಂದಷ್ಟೇ ಹೇಳಿದಳು. ಮೂರನೆಯ ಸಲ ಹುಡುಗಿ ತಾನೇ ದೂರು ಬರೆಸಿದಳು. ಕೇಸು ಇನ್ನೂ ನಡೆಯುತ್ತಿದೆ. ಅಮ್ಮ ಬಡ್ಡಿ ಕಟ್ಟುತ್ತಲೇ ಇದ್ದಾಳೆ.

ಒಂದು ಕಡೆ ಮಾತ್ರ ಕಾಯಬಾರದು. ಪ್ರಾಣಕ್ಕೆ ಬಂದಿದೆ ಅನ್ನಿಸಿದರೆ ‘ಏನು ಬೇಕು’ ಎಂದು ಕೇಳುತ್ತಾ ಕೂರಬೇಡಿ. 112ಕ್ಕೆ ಫೋನ್ ಮಾಡಿ, ಹತ್ತು ಜನ ಹೋಗಿ ನಿಲ್ಲಿ. 181 ಮಹಿಳಾ ಸಹಾಯವಾಣಿ ಇದೆ. ಸುಟ್ಟ ಗಾಯದಿಂದ ಆಸ್ಪತ್ರೆ ಸೇರಿದರೆ ನಿಮ್ಮಲ್ಲಿ ಒಬ್ಬರು ಹಾಸಿಗೆಯ ಪಕ್ಕ ಬಿಡದೆ ಇರಬೇಕು. ಹೇಳಿಕೆ ತೆಗೆದುಕೊಳ್ಳುವಾಗ ಗಂಡನ ಕಡೆಯವರನ್ನು ಹೊರಗೆ ಕಳಿಸಿ ಎಂದು ಡಾಕ್ಟರಿಗೂ ಪೊಲೀಸರಿಗೂ ಕೇಳಬೇಕು. ‘ಸ್ಟವ್ ಸಿಡಿಯಿತು’ ಎಂಬ ಮಾತು ಎಷ್ಟು ಹಾಸಿಗೆಗಳ ಪಕ್ಕ ನಿಂತವರು ಹೇಳಿಸಿದ ಮಾತು ಎಂಬುದು ಈ ಚಳವಳಿಯಲ್ಲಿ ಇದ್ದವರಿಗೆ ಗೊತ್ತು.

ಈಗ ಎಲ್ಲಕ್ಕಿಂತ ಕಷ್ಟದ್ದು. ಹೊಡೆಯುವವನು ನಮ್ಮದೇ ಸಂಘದ ಸದಸ್ಯೆಯ ಮಗನಾಗಿದ್ದರೆ? ಒಂದೇ ಜಮಖಾನೆಯ ಮೇಲೆ ಅತ್ತೆಯೂ ಇದ್ದಾಳೆ, ಸೊಸೆಯೂ ಇದ್ದಾಳೆ. ಅತ್ತೆ ಹಳೆಯ ಸದಸ್ಯೆ, ಕಂತು ಒಂದು ದಿನ ತಪ್ಪಿಸಿಲ್ಲ. ಸೊಸೆ ನಿನ್ನೆ ಸೇರಿದವಳು. ಸಭೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಆ ಮನೆ ಪ್ರತಿನಿಧಿಯದ್ದೇ ಆಗಿದ್ದರೆ ಇನ್ನೂ ಕಷ್ಟ. ನನಗೆ ತಿಳಿದ ಒಂದು ಕಡೆ ಪ್ರತಿನಿಧಿಯ ತಮ್ಮನ ಹೆಂಡತಿ ದೂರು ತಂದಳು. ಪ್ರತಿನಿಧಿ ಎದ್ದು ನಿಂತು, “ಇದರಾಗ ನಾ ಕೂರೂದಿಲ್ಲ, ನನ್ನ ತಮ್ಮನ ವಿಷಯ. ಬ್ಯಾರೆ ಮೂರು ಮಂದಿ ನೋಡ್ರಿ. ಆದ್ರ ಅಕಿ ಹೇಳೂದು ಖರೇ ಐತಿ, ನಾ ಕಣ್ಣಾರೆ ನೋಡೇನಿ” ಎಂದಳು. ಅಷ್ಟು ಹೇಳಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳು. ತವರಿನ ಬಾಗಿಲು ಆಕೆಗೆ ಮೂರು ವರ್ಷ ಮುಚ್ಚಿತ್ತು. ಹಾಗೆಯೇ ಮಾಡಿ ಎಂದು ನಿಮಗೆ ಆಜ್ಞೆ ಮಾಡುವ ಹಕ್ಕು ನನಗಿಲ್ಲ. ನಮ್ಮ ಮನೆಯ ವಿಷಯ ಬಂದಾಗ ತೀರ್ಮಾನದ ಜಾಗದಿಂದ ಏಳುವುದು, ಆದರೆ ಕಂಡದ್ದನ್ನು ಮುಚ್ಚಿಡದಿರುವುದು, ಇದು ಆಗುತ್ತದೆಯೇ ಎಂದು ಈಗಲೇ, ಅಂಥ ದಿನ ಬರುವ ಮೊದಲೇ, ಯೋಚಿಸಿ ಇಟ್ಟುಕೊಳ್ಳಿ.

ವಸೂಲಿಯ ಬಗ್ಗೆ ಎರಡೇ ಮಾತು. 1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಲು ಶುರು ಮಾಡಿದಾಗಿನಿಂದ ನಮಗೆ ಸಾಲ ಸಿಗುತ್ತಿರುವುದು ಹೊಲ ಮನೆ ಅಡವಿಟ್ಟಲ್ಲ, ಒಬ್ಬರ ಮೇಲೊಬ್ಬರಿಗಿರುವ ನಂಬಿಕೆಯ ಮೇಲೆ. ಆ ನಂಬಿಕೆಯೇ ಕೆಲವೊಮ್ಮೆ ಕುಣಿಕೆಯಾಗುತ್ತದೆ. ಕಂತು ತಪ್ಪಿದವಳ ಬಾಗಿಲಲ್ಲಿ ಹದಿನೈದು ಜನ ಹೋಗಿ ಕೂತರೆ ಸಂಜೆ ಆಕೆಗೆ ಒಳಗೆ ಏನಾಗುತ್ತದೆ ಎಂದು ಯೋಚಿಸಿ. ‘ಮರ್ಯಾದಿ ತೆಗೆದಿ’ ಎಂದು ಗಂಡ ಹೊಡೆಯುತ್ತಾನೆ. ಕಿರುಸಾಲದ ಕಂಪನಿಗಳ ಕಿರುಕುಳ ಮಿತಿಮೀರಿ ಜನ ಊರು ಬಿಟ್ಟದ್ದಕ್ಕೇ 2025ರ ಫೆಬ್ರುವರಿಯಲ್ಲಿ ನಮ್ಮ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತರಬೇಕಾಯಿತು. ಕಂಪನಿಯವರು ಮಾಡಿದರೆ ಕಿರುಕುಳ, ನಾವು ಮಾಡಿದರೆ ಶಿಸ್ತು ಎನ್ನಲಾಗುವುದಿಲ್ಲ. ಎರಡು ಕಂತು ತಪ್ಪಿದವಳನ್ನು ಮೊದಲು ಒಬ್ಬರೇ ಹೋಗಿ ಕೇಳಿ: ದುಡಿದ ದುಡ್ಡು ಯಾರ ಕೈಯಲ್ಲಿದೆ? ಸಾಲ ಆಕೆಯ ಹೆಸರಿನಲ್ಲಿದ್ದು, ಹಣ ಗಂಡನೋ ಮಗನೋ ಒಯ್ದಿರುವುದೇ ಬಹಳ.

ಕೊನೆಯದಾಗಿ, ನಿಮ್ಮ ಕೈಯಲ್ಲಿರುವ ಚೀಲದ ಬಗ್ಗೆ. ಹೌದು, ಪುಸ್ತಕ, ಪಾಸ್‌ಬುಕ್ಕು, ರಬ್ಬರ್ ಸ್ಟಾಂಪು ಇರುವ ಆ ಚೀಲ. ಕೆಲವರ ಕೈಯಲ್ಲಿ ಅದು ಎಂಟು ಹತ್ತು ವರ್ಷದಿಂದ ಇದೆ. ‘ಬೇರೆ ಯಾರಿಗೂ ಬರುವುದಿಲ್ಲ’ ಎನ್ನುತ್ತೀರಿ. ನಮ್ಮ ರಾಜ್ಯದಲ್ಲಿ 1987ರ ಮಂಡಲ ಪಂಚಾಯತಿ ಚುನಾವಣೆಯಲ್ಲಿ ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸ್ಥಾನ ಮೀಸಲಾದಾಗ ಗಂಡಸರೂ ಇದನ್ನೇ ಹೇಳಿದ್ದರು, ಇವರಿಗೆ ಏನು ಬರುತ್ತದೆ ಎಂದು. ಈಗ ಪಂಚಾಯತಿಯಲ್ಲಿ ಅರ್ಧದಷ್ಟು ಮೀಸಲಾತಿ ಇದೆ. ಕೆಲವು ಕಡೆ ಅಧ್ಯಕ್ಷೆಯ ಖುರ್ಚಿಯಲ್ಲಿ ಗಂಡ ಕೂರುತ್ತಾನೆ, ನಿಜ. ಆದರೆ ಕೂತು ಕಲಿತವರೂ ಬಹಳ ಇದ್ದಾರೆ.

ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಣ್ಣುಮಕ್ಕಳು ರಾತ್ರಿ ಅಕ್ಷರ ಕಲಿಯಲು ಹೋಗಿ ಸಾರಾಯಿ ಅಂಗಡಿ ಮುಚ್ಚಿಸಿದ್ದನ್ನು ಕೇಳಿದ್ದೀರಿ. 1992ರಲ್ಲಿ ಅದು ಹಳ್ಳಿಯಿಂದ ಹಳ್ಳಿಗೆ ಹಬ್ಬಿ, ಜಿಲ್ಲೆಯಲ್ಲಿ ಸಾರಾಯಿ ಹರಾಜನ್ನು ಮತ್ತೆ ಮತ್ತೆ ಮುಂದೂಡಬೇಕಾಯಿತು. 1993ರ ಅಕ್ಟೋಬರಿನಿಂದ ಇಡೀ ರಾಜ್ಯದಲ್ಲಿ ಸಾರಾಯಿ ನಿಂತಿತು. ಒಬ್ಬಳನ್ನು ಹಿಡಿದು ಹೆದರಿಸಿದರೆ ಮುಗಿಯುವಂಥದ್ದಾಗಿರಲಿಲ್ಲ ಅದು. ನಿಮ್ಮ ಸಂಘದಲ್ಲಿ ಠಾಣೆಗೆ ದಾರಿ ಗೊತ್ತಿರುವವಳು ನೀವೊಬ್ಬರೇ ಆಗಿದ್ದರೆ, ನೀವು ಬಾಣಂತನಕ್ಕೆ ಮಗಳ ಮನೆಗೆ ಹೋದ ತಿಂಗಳು ನಿಮ್ಮ ಊರಿನ ಹೆಣ್ಣುಮಗಳು ಯಾರ ಬಾಗಿಲು ತಟ್ಟಬೇಕು? ಮುಂದಿನ ಸಲ ಸಿ.ಡಿ.ಪಿ.ಓ. ಕಚೇರಿಗೆ ಹೋಗುವಾಗ ಮಾತೇ ಆಡದ ಒಬ್ಬ ಸದಸ್ಯೆಯನ್ನು ಜೊತೆಗೆ ಕರೆದುಕೊಂಡು ಹೋಗಿ. ಅದರ ಮುಂದಿನ ಸಲ ಆಕೆ ಮಾತಾಡಲಿ, ನೀವು ಪಕ್ಕದಲ್ಲಿ ಕೂತಿರಿ.

ಊಟದ ನಂತರ ಸಂರಕ್ಷಣಾಧಿಕಾರಿಯವರು ಬರುತ್ತಾರೆ. ಈಗಲೇ ಗುಂಪಿನಲ್ಲಿ ಕೂತು ಪ್ರಶ್ನೆ ಬರೆದಿಡಿ. ಈ ತಾಲ್ಲೂಕಿನಲ್ಲಿ ಕಳೆದ ವರ್ಷ ಎಷ್ಟು ವರದಿ ಮ್ಯಾಜಿಸ್ಟ್ರೇಟರಿಗೆ ಹೋದವು, ಎಷ್ಟರಲ್ಲಿ ಆದೇಶ ಬಂತು, ರಾತ್ರಿ ಹೊರಹಾಕಿಸಿಕೊಂಡವಳು ಮಕ್ಕಳ ಜೊತೆ ಎಲ್ಲಿ ಉಳಿಯಬೇಕು, ಅಲ್ಲಿಗೆ ಹೋಗಲು ವಾಹನ ಯಾರು ಕೊಡುತ್ತಾರೆ. ಪ್ರಶ್ನೆಗಳನ್ನು ಪ್ರತಿನಿಧಿಗಳು ಕೇಳುವುದು ಬೇಡ. ನಿಮ್ಮ ಜೊತೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಾರಲ್ಲ, ಅವರು ಕೇಳಲಿ.